ಬರೀ ಸಹಿ ಇದ್ದ ಹಾಳೆ

ನಮ್ಮಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದ ಯಾರಿಗೂ ಮೊದಲ ಮೂರು ದಿನ ಕೀ ಮುಟ್ಟಲು ಅವಕಾಶವಿರಲಿಲ್ಲ. ಹಾಳೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಅಷ್ಟೇ. ನಮ್ಮ ಕಡೆ ಸರ್ಕಾರಿ ಅರ್ಜಿ, ಅಫಿಡವಿಟ್ಟು, ಪರೀಕ್ಷೆಯ ಪೇಪರು ಎಲ್ಲಕ್ಕೂ ಉದ್ದನೆಯ ಫುಲ್‌ಸ್ಕೇಪ್ ಹಾಳೆಯೇ. ಅದನ್ನು ರೋಲರಿನೊಳಕ್ಕೆ ನೆಟ್ಟಗೆ ಕೂರಿಸಿ, ಮೇಲೆ ಎಷ್ಟು ಬಿಡಬೇಕು, ಎಡಕ್ಕೆ ಎಷ್ಟು, ಕೆಳಗೆ ಸಹಿಗೆ ಎಷ್ಟು ಎಂಬ ಕಣ್ಣಳತೆ ಬರುವವರೆಗೆ ಅಪ್ಪ ಬಿಡುತ್ತಿರಲಿಲ್ಲ. ಅವಸರದವರು ಗೊಣಗುತ್ತಿದ್ದರು. ಅಪ್ಪ ಮರದ ಸ್ಕೇಲನ್ನು ಮೇಜಿನ ಮೇಲೆ ಒಂದು ಸಲ ಕುಟ್ಟಿದರೆ ಗೊಣಗಾಟ ನಿಂತುಹೋಗುತ್ತಿತ್ತು.

ನಾನೂ ಅದೇ ಸ್ಕೇಲಿಗೆ ಹೆದರಿ ಕಲಿತವಳು. ಪಿ.ಯು.ಸಿ. ಮುಗಿಸಿ, ಟೈಪಿಂಗಿನ ಜೂನಿಯರ್ ಸೀನಿಯರ್ ಪರೀಕ್ಷೆ ಎರಡೂ ಪಾಸು ಮಾಡಿಕೊಂಡು, ಅಲ್ಲೇ ಕಲಿಸುವುದಕ್ಕೂ ನಿಂತೆ. ಮದುವೆಯಾಗಿ ಹೋದದ್ದು ಎರಡು ಬೀದಿ ಆಚೆಗೆ. ಬೆಳಿಗ್ಗೆ ಗಂಡನಿಗೆ ತಿಂಡಿ ಕೊಟ್ಟು ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆದರೆ, ಸಾಯಂಕಾಲ ಕೊನೆಯ ಬ್ಯಾಚು ಮುಗಿಸಿಯೇ ಮನೆ. ಮುಳಬಾಗಿಲಿನ ಪೇಟೆ ಬೀದಿಯ ಆ ಮಳಿಗೆ ನಮ್ಮ ಸ್ವಂತದ್ದು. ಒಂದೇ ಉದ್ದನೆಯ ಕೋಣೆ, ಹನ್ನೆರಡು ಮಿಷನ್ನು, ಗೋಡೆಗೆ ಅಪ್ಪನ ಕೈಬರಹದ ನಿಯಮಗಳು. ತೊಂಬತ್ತರ ದಶಕದಲ್ಲಿ ನಂಗಲಿಯಿಂದ, ಆವಣಿಯಿಂದ ಬಸ್ಸು ಹತ್ತಿ ಬರುತ್ತಿದ್ದವರಿಗೆ ಕೂರಲು ಜಾಗ ಸಾಲದೆ ನಾವು ಬೆಳಗಿನ ಆರು ಗಂಟೆಗೇ ಒಂದು ಬ್ಯಾಚು ಮಾಡುತ್ತಿದ್ದೆವು.

ಇಷ್ಟೆಲ್ಲ ನಾನೇ ನೋಡಿಕೊಳ್ಳುತ್ತಿದ್ದರೂ ಊರಿನವರ ಬಾಯಲ್ಲಿ ಅದು ಮೇಷ್ಟ್ರ ಇನ್‌ಸ್ಟಿಟ್ಯೂಟು. ನನ್ನನ್ನು ಮೇಷ್ಟ್ರ ಮಗಳು ಎನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅಪ್ಪನ ಮೇಲೆ ಕೋಪ ಮಾಡಿಕೊಂಡು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾನು ಅದನ್ನು ವಿದ್ಯಾರ್ಥಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಪಾಪ, ಅವರೂ ಸಹಿಸಿಕೊಂಡರು.

ಎರಡು ಸಾವಿರ ಇಸವಿ ದಾಟುತ್ತಿದ್ದಂತೆ ಬ್ಯಾಚುಗಳು ಕರಗಿದವು. ಬಾಗಿಲಲ್ಲೇ ನಿಂತು ಕಂಪ್ಯೂಟರ್ ಇದೆಯಾ ಮಿಸ್ ಎಂದು ಕೇಳಿ, ಇಲ್ಲವೆಂದರೆ ಒಳಗೂ ಬಾರದೆ ಹೋಗುವವರು ಹೆಚ್ಚಾದರು. ಆಗ ನಮ್ಮನ್ನು ಉಳಿಸಿದವನು ಮಾಲೂರಿನ ಮೆಕ್ಯಾನಿಕ್ಕು. ನಮ್ಮ ಜಿಲ್ಲೆಯ ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಮಿಷನ್ನುಗಳನ್ನೆಲ್ಲ ಅವನೇ ರಿಪೇರಿ ಮಾಡುತ್ತಿದ್ದದ್ದು. ತಿಂಗಳಿಗೊಂದು ಸಲ ಚೀಲ ಹೆಗಲಿಗೆ ಹಾಕಿಕೊಂಡು ಮಾಲೂರಿನಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು, ಆಮೇಲೆ ಶ್ರೀನಿವಾಸಪುರ, ಹೀಗೆ ಬಸ್ಸಿನಲ್ಲೇ ಸುತ್ತುವವನು. ನನಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು, ಅಕ್ಕ ಎನ್ನುತ್ತಿದ್ದ. ಮಿಷನ್ನುಗಳಿಗೆ ಕಾಲ ಮುಗಿಯಿತೆಂದು ನಮಗಿಂತ ಮೊದಲೇ ಅವನಿಗೆ ಗೊತ್ತಾಗಿತ್ತು. ಯಾರಿಂದಲೋ ಪುಸ್ತಕ ತಂದುಕೊಂಡು ಕಂಪ್ಯೂಟರ್ ಬಿಚ್ಚುವುದನ್ನು, ಜೋಡಿಸುವುದನ್ನು ತಾನೇ ಕಲಿತಿದ್ದ. ಮಾಲೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಬೇಡವೆಂದು ತೆಗೆದ ಆರು ಕಂಪ್ಯೂಟರುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ನಮ್ಮಲ್ಲಿ ಇಳಿಸಿದ.

ಅದರಲ್ಲಿ ಯಾವ ಸಿಸ್ಟಮ್ ಹಾಕುವುದು ಎಂಬ ಮಾತು ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಶುರುವಾಗಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಎಲ್ಲರೂ ಬಳಸುವ ಆ ಕಿಟಕಿ ಸಿಸ್ಟಮ್ಮನ್ನು ಕಾಪಿ ಮಾಡಿದ ಸಿ.ಡಿ.ಯಿಂದ ಹಾಕಿಕೊಂಡಿದ್ದರು. ಅದಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕೆಂದು ಊರಿನಲ್ಲಿ ಯಾರಿಗೂ ಅನ್ನಿಸಿರಲೇ ಇಲ್ಲ. ಅಪ್ಪ ಕುರ್ಚಿಯಿಂದ ಎದ್ದು ಬಂದು, ಕದ್ದ ಮಾಲು ತನ್ನ ಬಾಗಿಲೊಳಗೆ ಬರಕೂಡದು ಎಂದುಬಿಟ್ಟರು. ಕೊಳ್ಳುವ ತಾಕತ್ತು ನಮಗಿರಲಿಲ್ಲ. ಮೆಕ್ಯಾನಿಕ್ಕು ತಲೆ ಕೆರೆದುಕೊಂಡು, ಮುಂದಿನ ಸಲ ಬರುವಾಗ ಲಿನಕ್ಸ್ ಸಿ.ಡಿ. ತಂದ. ಇದು ಯಾರದ್ದೂ ಅಲ್ಲ, ಎಲ್ಲರದ್ದು, ಹಂಚಿಕೊಂಡರೆ ಕಳ್ಳತನವಲ್ಲ ಎಂದು ವಿವರಿಸಿದ. ಅಪ್ಪ ಆ ಸಿ.ಡಿ.ಯ ಕವರಿನ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿ, ಸರಿ, ಹಾಕು ಎಂದರು.

ಲಿನಕ್ಸಿನ ಮೇಲೆ ನನಗೆ ಬೇಗ ಪ್ರೀತಿ ಹುಟ್ಟಿತು, ಸುಳ್ಳೇಕೆ ಹೇಳಲಿ. ಕೀಬೋರ್ಡಿನಲ್ಲಿ ಟೈಪ್ ಮಾಡಿಯೇ ಅದಕ್ಕೆ ಆಜ್ಞೆ ಕೊಡಬಹುದಿತ್ತು. ನಿಮಿಷಕ್ಕೆ ಅರವತ್ತು ಪದ ಕುಟ್ಟುವ ಕೈಗೆ ಮೌಸ್ ಹಿಡಿದು ಗೀಚುವುದು ಒಗ್ಗುತ್ತಿರಲಿಲ್ಲ. ನಮ್ಮ ಹಳೆಯ ಡಬ್ಬಗಳಲ್ಲೂ ಅದು ಏದುಸಿರು ಬಿಡದೆ ಓಡುತ್ತಿತ್ತು. ಬಸ್‌ಸ್ಟ್ಯಾಂಡಿನ ಸೆಂಟರಿನಲ್ಲಿ ವೈರಸ್ ಬಂದು ವಾರಗಟ್ಟಲೆ ಬಾಗಿಲು ಹಾಕಿದಾಗ ನಾನು ನಮ್ಮ ಬಾಗಿಲಲ್ಲಿ ಬೇಕೆಂದೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಆದರೆ ಜನಕ್ಕೆ ಇಂಟರ್‌ನೆಟ್ ಎಂದರೆ ಪರದೆಯ ಮೇಲಿನ ಆ ನೀಲಿ ಅಕ್ಷರದ ಚಿತ್ರ, ಕಿಟಕಿ ಸಿಸ್ಟಮ್ಮಿನ ಬ್ರೌಸರಿನದು. ಅದು ಲಿನಕ್ಸಿನಲ್ಲಿ ಇಲ್ಲ. ಬಂದವರು ಕೂತು, ಪರದೆ ತುಂಬ ಹುಡುಕಿ, ನಿಮ್ಮಲ್ಲಿ ಇಂಟರ್‌ನೆಟ್ಟೇ ಇಲ್ಲವಲ್ಲ ಎಂದು ಎದ್ದು ಹೋಗುತ್ತಿದ್ದರು. ನಾನು ಹಿಂದಿನಿಂದ ಕರೆದು, ಕೂರಿಸಿ, ಬೇರೆ ಬ್ರೌಸರ್ ತೋರಿಸುತ್ತಿದ್ದೆ. ಸರ್ಕಾರದ ಎಷ್ಟೋ ಪುಟಗಳನ್ನು ಆ ನೀಲಿ ಅಕ್ಷರಕ್ಕೆಂದೇ ಮಾಡಿಟ್ಟಿದ್ದರಿಂದ ನಮ್ಮ ಬ್ರೌಸರಿನಲ್ಲಿ ಅವು ಒಂದರ ಮೇಲೊಂದು ಬಿದ್ದುಕೊಂಡಿರುತ್ತಿದ್ದವು. ಹೆಸರು ಬರೆಯುವ ಜಾಗದ ಮೇಲೆ ಜನ್ಮದಿನಾಂಕ ಕೂತಿರುತ್ತಿತ್ತು. ಬಂದವರ ಎದುರು ಮರ್ಯಾದೆ ಹೋದ ಹಾಗಾಗುತ್ತಿತ್ತು.

ಇಷ್ಟರಲ್ಲಿ ನಮ್ಮಣ್ಣ ಒಂದು ಯೋಚನೆ ತಂದ. ಅವನು ಕೋಲಾರದ ಕಾಲೇಜಿನಲ್ಲಿ ಲೆಕ್ಚರರ್. ಶ್ರೀನಿವಾಸಪುರದ ಬಳೆ ವ್ಯಾಪಾರಿಯೊಬ್ಬರು ಮುಳಬಾಗಿಲಿನಲ್ಲಿ ಇನ್ನೊಂದು ಅಂಗಡಿ ತೆರೆಯಲು ಪೇಟೆ ಬೀದಿಯಲ್ಲೇ ಜಾಗ ಹುಡುಕುತ್ತಿದ್ದಾರೆ, ಮಳಿಗೆಯನ್ನು ಅವರಿಗೆ ಬಾಡಿಗೆಗೆ ಕೊಟ್ಟರೆ ಅಪ್ಪ ನಿಶ್ಚಿಂತೆಯಾಗಿ ಕೂರಬಹುದು ಎಂದ. ನನ್ನ ವಿಷಯ ಅವನ ಯೋಚನೆಯಲ್ಲಿ ಎಲ್ಲೂ ಇರಲಿಲ್ಲ. ಅವಳಿಗೇನು, ಗಂಡನ ಸಂಬಳ ಇದೆಯಲ್ಲ ಎಂದ. ನಾನು ಆಗ ಹಿಂದಿನ ಸಾಲಿನಲ್ಲಿ ಪ್ರಿಂಟರಿಗೆ ಹಾಳೆ ತುಂಬುತ್ತಿದ್ದೆ, ಎಲ್ಲ ಕೇಳಿಸಿತು. ಹಾಳೆಯ ಕಟ್ಟನ್ನು ಅಲ್ಲೇ ನೆಲಕ್ಕೆ ಕುಕ್ಕಿ ಮನೆಗೆ ಹೋಗಿಬಿಟ್ಟೆ. ಅವತ್ತು ರಾಗಿ ಹಿಟ್ಟು ಗಂಟಾಗಿ ಮುದ್ದೆ ಕೆಟ್ಟಿತು. ಗಂಡ ಗಂಟುಗಳನ್ನು ಬದಿಗೆ ಎತ್ತಿಟ್ಟು ಉಂಡರು.

ಅಪ್ಪ ಇಲ್ಲ ಎನ್ನಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಈ ಮಾವಿನ ಕಾಲ ಮುಗಿಯಲಿ, ಅಷ್ಟರಲ್ಲಿ ಏನಾದರೂ ದಾರಿ ಕಂಡರೆ ಸರಿ, ಇಲ್ಲದಿದ್ದರೆ ಕೊಟ್ಟುಬಿಡೋಣ ಎಂದು ಅಣ್ಣನಿಗೆ ಹೇಳಿ ಕಳಿಸಿದರು. ಅಂದರೆ ನನಗೆ ಉಳಿದದ್ದು ಎರಡೂವರೆ ತಿಂಗಳು.

ದಾರಿ ಇತ್ತು, ಒಂದೇ ಒಂದು. ಆ ವರ್ಷ ಶಿಕ್ಷಕರ ತರಬೇತಿಯ ಅರ್ಜಿಯನ್ನು ಆನ್‌ಲೈನಿನಲ್ಲೇ ತುಂಬಬೇಕೆಂದು ಆಗಿತ್ತು. ತಾಲ್ಲೂಕಿಗೊಂದು ಅಧಿಕೃತ ಕೇಂದ್ರ ಕೊಡುತ್ತಾರೆ, ಶಿಕ್ಷಣ ಇಲಾಖೆಯ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದು ನೋಡಿ ಒಪ್ಪಬೇಕು ಎಂದು ಗೊತ್ತಾಯಿತು. ಅದು ಸಿಕ್ಕರೆ ಮುಳಬಾಗಿಲು ತಾಲ್ಲೂಕಿನ ಟೀಚರಾಗಬೇಕೆಂದಿರುವವರೆಲ್ಲ ನಮ್ಮ ಬಾಗಿಲಿಗೇ ಬರುತ್ತಾರೆ. ಬಸ್‌ಸ್ಟ್ಯಾಂಡಿನ ಸೆಂಟರಿನವರೂ ಅರ್ಜಿ ಹಾಕಿದ್ದರು. ನಾನೂ ಹಾಕಿದೆ. ಆದರೆ ಆ ಅರ್ಜಿಯ ಪುಟ ನಮ್ಮ ಬ್ರೌಸರಿನಲ್ಲಿ ತೆರೆದರೆ ಎಂದಿನಂತೆ ಚೆಲ್ಲಾಪಿಲ್ಲಿ. ಅಧಿಕಾರಿಯ ಎದುರು ಅದನ್ನು ತೋರಿಸುವುದು ಹೇಗೆ?

ಆಗ ಮೆಕ್ಯಾನಿಕ್ಕು ಸುದ್ದಿ ತಂದ. ಒಂದು ಭಾರಿ ದೊಡ್ಡ ಸಾಫ್ಟ್‌ವೇರ್ ಕಂಪನಿ ತಾನೇ ಹೊಸ ಬ್ರೌಸರ್ ಮಾಡಿದ್ದು, ಕಿಟಕಿ ಸಿಸ್ಟಮ್ಮಿಗೆ ಹಿಂದಿನ ವರ್ಷವೇ ಬಂದು ಎಲ್ಲರೂ ಹೊಗಳಿದ್ದು ನಮಗೆ ಗೊತ್ತಿತ್ತು. ಲಿನಕ್ಸಿಗೂ ತರುತ್ತೇವೆ ಎಂದು ಅವರು ಹೇಳುತ್ತಲೇ ಇದ್ದರು. ನಮ್ಮಂಥವರನ್ನು ಯಾವ ದೊಡ್ಡವರು ನೆನಪಿಟ್ಟುಕೊಳ್ಳುತ್ತಾರೆ ಎಂದು ನಾನು ಆಸೆ ಬಿಟ್ಟಿದ್ದೆ. ಈಗ ಪರೀಕ್ಷೆಗೆಂದು ಒಂದು ಹಸಿ ಆವೃತ್ತಿ ಬಿಟ್ಟಿದ್ದಾರೆ, ಇನ್ನೂ ಪೂರ್ತಿ ಬೆಂದಿಲ್ಲ, ಬಳಸುವವರು ತಪ್ಪು ಕಂಡರೆ ಬರೆದು ತಿಳಿಸಬೇಕಂತೆ ಎಂದ. ಇಳಿಸಿಕೊಂಡು ಹಾಕಲು ಅವತ್ತು ನಮ್ಮ ಫೋನ್ ಲೈನು ಇಡೀ ಬೆಳಗ್ಗೆ ತೆಗೆದುಕೊಂಡಿತು.

ಅರ್ಜಿಯ ಪುಟ ತೆರೆದೆ. ಅಬ್ಬಾ, ಎಲ್ಲ ಅದರದರ ಜಾಗದಲ್ಲಿ. ಹೆಸರಿನ ಜಾಗದಲ್ಲಿ ಹೆಸರು, ದಿನಾಂಕದ ಜಾಗದಲ್ಲಿ ದಿನಾಂಕ. ನಾನು ಆ ಪುಟವನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಸರಿಸಿ ನೋಡಿದೆ. ಲಿನಕ್ಸನ್ನು ಅಣಕಿಸಿ ಎದ್ದು ಹೋದವರನ್ನೆಲ್ಲ ಕೈ ಹಿಡಿದು ಎಳೆತಂದು ಇಲ್ಲಿ ಕೂರಿಸಬೇಕು ಎನ್ನಿಸಿತು. ಒಂದು ಮಾದರಿ ಅರ್ಜಿ ತುಂಬಿ, ಪ್ರಿಂಟ್ ಕೊಟ್ಟೆ.

ಎರಡು ಹಾಳೆ ಬಂದವು. ಮೊದಲ ಹಾಳೆಯಲ್ಲಿ ಅರ್ಜಿಯೆಲ್ಲ ಇತ್ತು, ಕೆಳಗೆ ನಾಲ್ಕು ಬೆರಳು ಖಾಲಿ ಜಾಗ. ಎರಡನೆಯ ಹಾಳೆಯಲ್ಲಿ ಬೇರೇನೂ ಇಲ್ಲ, ಮೇಲ್ತುದಿಯಲ್ಲಿ ಅರ್ಜಿದಾರರ ಸಹಿ ಎಂಬ ಒಂದು ಸಾಲು, ಅದರ ಪಕ್ಕ ಮೊಹರಿನ ಚೌಕ. ಇಡೀ ಅರ್ಜಿ ಒಂದು ಫುಲ್‌ಸ್ಕೇಪ್ ಹಾಳೆಗೆ ಸರಿಹೋಗುವಂತೆ ಮಾಡಿದ್ದು. ಬ್ರೌಸರು ಹಾಳೆ ಚಿಕ್ಕದು ಎಂದುಕೊಂಡು ನಡುವೆಯೇ ಕತ್ತರಿಸಿತ್ತು. ಒಂದೇ ಹಾಳೆಯಲ್ಲಿರಬೇಕು, ಉದ್ದನೆಯ ಹಾಳೆಯೇ ಆಗಬೇಕು ಎಂದು ಕಚೇರಿಯ ಸೂಚನೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು.

ಅಪ್ಪ ಆ ಎರಡನೆಯ ಹಾಳೆಯನ್ನು ಕೈಗೆ ತೆಗೆದುಕೊಂಡರು. ಮುಖದ ಬಣ್ಣವೇ ಬದಲಾಯಿತು. ನಮ್ಮ ಮನೆತನ ಶಾನುಭೋಗರದ್ದು. ಹಳ್ಳಿಯ ಲೆಕ್ಕಪತ್ರ ಬರೆದವರು ನಮ್ಮ ತಾತ, ಅವರ ಅಪ್ಪ, ಅದಕ್ಕೂ ಹಿಂದಿನವರು. ಬರೀ ಸಹಿ ಇರುವ ಹಾಳೆಯನ್ನು ಮನೆಯಲ್ಲಿ ಒಂದು ಗಳಿಗೆಯೂ ಇಡಬಾರದು, ಯಾರದೇ ಇರಲಿ, ಹರಿದು ಒಲೆಗೆ ಹಾಕಬೇಕು ಎಂದು ನಮಗೆ ಅಕ್ಷರಾಭ್ಯಾಸದ ಜೊತೆಗೇ ಹೇಳಿಕೊಟ್ಟಿದ್ದರು. ಸಹಿ ಒಂದು ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಅಂಥ ಹಾಳೆ ಕೈಗೆ ಸಿಕ್ಕವನು ಅದರಲ್ಲಿ ಏನು ಬೇಕಾದರೂ ಬರೆದುಕೊಂಡು ಒಂದು ಸಂಸಾರದ ಹೊಲವನ್ನೇ ನುಂಗಬಹುದು. ಅಪ್ಪ ಆ ಹಾಳೆಯನ್ನು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು. ಅದರಲ್ಲಿ ಇನ್ನೂ ಯಾರೂ ಸಹಿಯೇ ಮಾಡಿರಲಿಲ್ಲ!

ನಾನು ಕಂಪನಿಯವರು ತಪ್ಪುಗಳನ್ನು ಬರೆಯಲೆಂದು ಇಟ್ಟಿದ್ದ ಪುಟಕ್ಕೆ ಹೋಗಿ, ಕೋಪದಲ್ಲೇ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದೆ: ಪ್ರಿಂಟ್ ಸರಿಯಿಲ್ಲ, ಬೇಗ ಸರಿ ಮಾಡಿ. ಮೂರು ದಿನಕ್ಕೆ ಉತ್ತರ ಬಂತು. ಕಂಪನಿಯವನೋ, ಬಳಸುವವರಲ್ಲಿ ಒಬ್ಬನೋ, ಯಾರೋ ಒಬ್ಬ, ಚಿಕ್ಕ ಹಾಳೆ ಬಳಸಿ, ಸರಿಹೋಗುತ್ತದೆ ಎಂದು ಬರೆದು, ಅದರ ಮುಂದೆ ಅಷ್ಟೇನೂ ಮುಖ್ಯವಲ್ಲ ಎಂಬ ಗುರುತು ಹಾಕಿದ್ದ. ನನಗೆ ನಖಶಿಖಾಂತ ಉರಿದುಹೋಯಿತು. ಉತ್ತರಕ್ಕೆ ಉತ್ತರ ಬರೆಯಲು ಕೂತೆ, ಕೈ ಬಿರುಸಾಗಿ ಓಡುತ್ತಿತ್ತು. ಅಪ್ಪ ಹಿಂದೆ ಬಂದು ನಿಂತು ಓದಿದರು.

"ಹಿಂಗಾ ಬರೆಯೋದು? ಬಾಯಿಗೆ ಬಂದಂಗೆ ಬೈದ್ರೆ ಯಾವ ಆಫೀಸಲ್ಲಿ ಕೆಲಸ ಆಗಿದೆ? ಎಲ್ಲಾ ಅಳಿಸು. ನಾನು ಹೇಳ್ತೀನಿ, ನೀನು ಟೈಪ್ ಮಾಡು."

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಲವತ್ತು ವರ್ಷ ಊರಿನವರ ಅರ್ಜಿಗಳನ್ನು ಟೈಪ್ ಮಾಡಿಸಿದ ಮನುಷ್ಯ ಸಮುದ್ರದಾಚೆಯ ಸಾಫ್ಟ್‌ವೇರ್ ಕಂಪನಿಗೂ ಅದೇ ಧಾಟಿಯ ಅರ್ಜಿ ಹೇಳಿ ಬರೆಸಿದರು. ಗೆ, ಎಂದು ಶುರು. ಮಾನ್ಯರೇ. ವಿಷಯ. ಉಲ್ಲೇಖ: ತಾವು ಲಿನಕ್ಸಿಗೆ ದಯಪಾಲಿಸಿರುವ ಬ್ರೌಸರಿನ ಪರೀಕ್ಷಾ ಆವೃತ್ತಿ. ಆಮೇಲೆ ಕ್ರಮಸಂಖ್ಯೆ ಹಾಕಿದ ಪ್ಯಾರಾಗಳು, ಒಂದೊಂದರಲ್ಲಿ ಒಂದೇ ಸಂಗತಿ. ಯಾವ ಪುಟ ತೆರೆದೆವು, ಯಾವ ಗುಂಡಿ ಒತ್ತಿದೆವು, ಪ್ರಿಂಟರಿನಲ್ಲಿ ಯಾವ ಹಾಳೆ ಇತ್ತು, ಎಷ್ಟು ಉದ್ದಕ್ಕೆ ಅಚ್ಚು ನಿಂತಿತು. ಅಪ್ಪ ಸ್ಕೇಲಿನಿಂದ ಅಳೆದು ಅಳೆದು ಹೇಳಿದರು. ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುತ್ತ ಹೋದೆ. ಕೊನೆಯ ಪ್ಯಾರಾ ನನಗೆ ಇವತ್ತಿಗೂ ಬಾಯಿಪಾಠ. ನಮ್ಮ ನಾಡಿನಲ್ಲಿ ಬರೀ ಸಹಿ ಇರುವ ಹಾಳೆ ಬಹಳ ಅಪಾಯದ ವಸ್ತು, ಸಿಕ್ಕವರು ಅದರ ಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು, ಆದಕಾರಣ ತಮ್ಮ ಬ್ರೌಸರು ಸಹಿಯನ್ನು ಅದರ ವಿಷಯದಿಂದ ಬೇರ್ಪಡಿಸದಂತೆ ನೋಡಿಕೊಳ್ಳಬೇಕಾಗಿ ವಿನಂತಿ. ಇಂತಿ ತಮ್ಮ ವಿಶ್ವಾಸಿ.

ಇಷ್ಟಕ್ಕೇ ಬಿಟ್ಟಿದ್ದರೆ ಅಪ್ಪ ಅಪ್ಪನಾಗುತ್ತಿರಲಿಲ್ಲ. ದಾಖಲೆ ಲಗತ್ತಿಸಬೇಕು ಎಂದರು. ಇನ್ನೊಂದು ಸಲ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಲು ಹೋದರೆ ನಮ್ಮ ಸ್ಕ್ಯಾನರಿನಲ್ಲಿ ಉದ್ದ ಹಾಳೆ ಹಿಡಿಸಲಿಲ್ಲ. ಎದುರಿನ ಫೋಟೋ ಸ್ಟುಡಿಯೋಗೆ ಹೋಗಿ, ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ನಡುವೆ ಸ್ಕೇಲು ಇಟ್ಟು ಫೋಟೋ ತೆಗೆಸುವುದೆಂದಾಯಿತು. ಅದಕ್ಕೂ ಮುಂಚೆ ಅಟೆಸ್ಟ್ ಆಗಬೇಕು ಎಂದು ಅಪ್ಪ ಹಟ ಹಿಡಿದರು. ಗೆಜೆಟೆಡ್ ಅಧಿಕಾರಿಯ ಸಹಿ ಮೊಹರು ಇಲ್ಲದ ಕಾಗದವನ್ನು ಅಷ್ಟು ದೂರದವರು ಯಾಕೆ ನಂಬಬೇಕು ಎಂದು ಅವರ ವಾದ. ಹೀಗೆಲ್ಲ ಯಾರೂ ಮಾಡುವುದಿಲ್ಲಪ್ಪಾ ಎಂದು ನಾನೂ ಮೆಕ್ಯಾನಿಕ್ಕೂ ಬೇಡಿಕೊಂಡೆವು. ಕೇಳುವವರು ಯಾರು? ಊರಿನವರ ಮಾರ್ಕ್ಸ್‌ಕಾರ್ಡುಗಳನ್ನೆಲ್ಲ ಅಟೆಸ್ಟ್ ಮಾಡುತ್ತಿದ್ದ ಪಶುವೈದ್ಯರ ಬಳಿಗೆ, ಎರಡನೆಯ ಹಾಳೆಯ ಖಾಲಿ ಜಾಗಕ್ಕೆ ಮರೆಯದೆ ಅಡ್ಡಗೆರೆ ಎಳೆದುಕೊಂಡು, ಹೋದರು. ಅವರು ಹಸುವೊಂದಕ್ಕೆ ಸೂಜಿ ಹಾಕಿ ಕೈ ತೊಳೆದುಕೊಂಡು ಬಂದು, ಎರಡು ಹಾಳೆಯ ಮೇಲೂ ಹಸಿರು ಇಂಕಿನಲ್ಲಿ ಸಹಿ ಮಾಡಿ, ನೇರಳೆ ಬಣ್ಣದ ದುಂಡು ಮೊಹರು ಒತ್ತಿ ಕೊಟ್ಟರು.

ಕಳಿಸಿದ ಮೇಲೆ ನನಗೆ ನಾಚಿಕೆ ಶುರುವಾಯಿತು. ಲೋಕದಲ್ಲಿ ಎಲ್ಲರೂ ನೋಡುವ ಪುಟ ಅದು. ಅಲ್ಲಿ ಬೇರೆಯವರು ಬರೆದದ್ದೆಲ್ಲ ಚುಟುಕು, ಅವರವರದೇ ಸಂಕೇತಗಳು, ಅರ್ಧ ಸಾಲು. ಅವುಗಳ ನಡುವೆ ನಮ್ಮದು ಮಾನ್ಯರೇ ಎಂದು ಕೈಮುಗಿದು ನಿಂತಿತ್ತು. ಎರಡು ವಾರ ಉತ್ತರವಿಲ್ಲ. ಮಾವಿನಕಾಯಿ ಲಾರಿಗಳು ಶ್ರೀನಿವಾಸಪುರದ ಕಡೆಯಿಂದ ಒಂದೇ ಸಮನೆ ಬರತೊಡಗಿದ್ದವು. ಅಣ್ಣ ಎರಡು ಸಲ ಫೋನ್ ಮಾಡಿ, ಬಳೆ ವ್ಯಾಪಾರಿ ಶ್ರಾವಣದಲ್ಲೇ ಪೂಜೆ ಮಾಡಿಬಿಡಬೇಕೆಂದಿದ್ದಾರೆ ಎಂದು ಹೇಳಿದ್ದ. ಅಧಿಕಾರಿ ಬರುವ ದಿನವೂ ಗೊತ್ತಾಯಿತು. ಬಸ್‌ಸ್ಟ್ಯಾಂಡಿನ ಸೆಂಟರಿನವರು ತಮಗೇ ಸಿಕ್ಕಿತೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ದಿನಕ್ಕೆ ಹತ್ತು ಸಲ ಆ ಪುಟ ತೆರೆದು ನೋಡುತ್ತಿದ್ದೆ. ಹೆದರಿಕೆಯಾಗಿತ್ತು. ಇನ್‌ಸ್ಟಿಟ್ಯೂಟಿನ ಬಾಗಿಲು ಹಾಕಿದರೆ ಬೆಳಿಗ್ಗೆ ಎದ್ದು ನಾನು ಏನು ಮಾಡಬೇಕು ಎಂದು ಯೋಚಿಸಿದರೆ ತಲೆ ಖಾಲಿಯಾಗುತ್ತಿತ್ತು.

ಒಂದು ದಿನ ಬೆಳಗಿನ ಬ್ಯಾಚಿಗೆ ಮುಂಚೆ ಪುಟ ತೆರೆದರೆ ಉತ್ತರ ಬಂದಿತ್ತು. ಈ ಸಲ ಬರೆದವನು ಬೇರೆ, ಬ್ರೌಸರನ್ನು ಲಿನಕ್ಸಿಗೆ ತರುವವರಲ್ಲಿ ಒಬ್ಬ ಎಂದು ಅವನೇ ಹೇಳಿಕೊಂಡಿದ್ದ. ಫೋಟೋ ನೋಡುವವರೆಗೂ ಇಂಥ ಉದ್ದದ ಹಾಳೆಯನ್ನು ದಿನನಿತ್ಯ ಬಳಸುತ್ತಾರೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ ಎಂದು ಬರೆದಿದ್ದ. ಪುಟವನ್ನು ಎಲ್ಲಿ ಕತ್ತರಿಸಬೇಕೆಂದು ಲೆಕ್ಕ ಹಾಕುವಾಗ ಬ್ರೌಸರು ಪ್ರಿಂಟರನ್ನು ಕೇಳದೆ ತನ್ನದೇ ಅಳತೆ ಹಿಡಿದುಕೊಂಡಿತ್ತಂತೆ. ನಮ್ಮ ಅಳತೆಗಳಿಂದ ತಪ್ಪಿನ ಜಾಗ ನೇರವಾಗಿ ಸಿಕ್ಕಿತು, ಮುಂದಿನ ಆವೃತ್ತಿಯಲ್ಲಿ ಸರಿಯಾಗಿರುತ್ತದೆ ಎಂದ. ಮುಖ್ಯವಲ್ಲ ಎಂದು ಹಾಕಿದ್ದ ಗುರುತನ್ನು ತೆಗೆದಿದ್ದ. ಸಹಿಯ ಬಗ್ಗೆ ಬರೆದ ಪ್ಯಾರಾ ಓದಿದ ಮೇಲೆ ತೆಗೆಯದೆ ಇರಲು ಮನಸ್ಸಾಗಲಿಲ್ಲವಂತೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದ: ಆ ನೇರಳೆ ಮೊಹರು ಯಾವ ಇಲಾಖೆಯದು?

ನಾನು ಬಾಗಿಲಿಂದಲೇ ಅಪ್ಪಾ ಎಂದು ಕೂಗಿದೆ. ಬೀದಿಯ ಹೂವಿನವಳು ಏನೋ ಅನಾಹುತವಾಯಿತೆಂದು ಎದ್ದು ನಿಂತಳು. ಅಪ್ಪ ಬಂದು, ಕನ್ನಡಕ ಒರೆಸಿಕೊಂಡು, ಉತ್ತರವನ್ನು ಎರಡು ಸಲ ಓದಿದರು. ಮೊಹರಿನ ಪ್ರಶ್ನೆಗೆ ಮರೆಯದೆ ಉತ್ತರ ಬರೆಯಲು ಹೇಳಿದರು. ಪಶುಸಂಗೋಪನೆ ಎಂಬುದನ್ನು ಆ ಕಂಪನಿಯವನು ಹೇಗೆ ಅರ್ಥ ಮಾಡಿಕೊಂಡನೋ, ನನಗಂತೂ ತಿಳಿಯದು.

ಹೊಸ ಆವೃತ್ತಿ ಬಂದದ್ದು ಅಧಿಕಾರಿ ಬರುವುದಕ್ಕೆ ಎರಡೇ ದಿನ ಮುಂಚೆ. ಮೆಕ್ಯಾನಿಕ್ಕು ಕೋಲಾರಕ್ಕೆ ಬಂದಿದ್ದವನು ಸುದ್ದಿ ಕೇಳಿ ಮನೆಗೆ ಹೋಗುವ ಬಸ್ಸು ಬಿಟ್ಟು ನಮ್ಮ ಕಡೆಯ ಬಸ್ಸು ಹತ್ತಿದ. ಆರು ಕಂಪ್ಯೂಟರಿಗೂ ಹಾಕಿದೆವು. ಮಾದರಿ ಅರ್ಜಿ ತುಂಬಿ ಪ್ರಿಂಟ್ ಕೊಟ್ಟೆ. ಒಂದೇ ಹಾಳೆ ಬಂತು. ಸಹಿಯ ಸಾಲು ಅದರ ಜಾಗದಲ್ಲಿ, ಚೌಕ ಅದರ ಪಕ್ಕದಲ್ಲಿ, ಕೆಳಗೆ ಒಂದಿಷ್ಟು ಅಂಚು. ನಾವು ಎರಡನೆಯ ಹಾಳೆಗಾಗಿ ಪ್ರಿಂಟರಿನ ಮುಂದೆಯೇ ಕಾದೆವು. ಬರಲಿಲ್ಲ. ನನಗೆ ಅಳು ಬಂದುಬಿಟ್ಟಿತು, ಮೆಕ್ಯಾನಿಕ್ಕು ನೋಡಬಾರದೆಂದು ಮುಖ ತಿರುಗಿಸಿಕೊಂಡೆ. ಅಕ್ಕ, ಟೀ ತರ್ತೀನಿ ಎಂದು ಅವನೇ ಹೊರಗೆ ಹೋದ.

ಅಧಿಕಾರಿ ಬಂದವರು ಕಡಿಮೆ ಮಾತಿನವರು. ಮೊದಲು ಬಸ್‌ಸ್ಟ್ಯಾಂಡಿನ ಸೆಂಟರಿಗೆ ಹೋಗಿ ಆಮೇಲೆ ನಮ್ಮಲ್ಲಿಗೆ ಬಂದಿದ್ದರು. ಪರದೆಯನ್ನು ನೋಡಿ, ಇದು ಬೇರೆ ಥರಾ ಇದೆಯಲ್ಲ ಎಂದರು. ಲಿನಕ್ಸ್ ಎಂದೆ. ಹುಬ್ಬು ಗಂಟಿಕ್ಕಿದರು. ನಾನು ಮಾತು ಬೆಳೆಸದೆ ಅರ್ಜಿ ತುಂಬಿ ಪ್ರಿಂಟ್ ತೆಗೆದುಕೊಟ್ಟೆ. ಹಾಳೆಯನ್ನು ತಿರುಗಿಸಿ ನೋಡಿದರು, ಕಚೇರಿಯಿಂದ ತಂದಿದ್ದ ಮಾದರಿಯ ಮೇಲಿಟ್ಟು ಬೆಳಕಿಗೆ ಹಿಡಿದರು. ಗೆರೆಗೆ ಗೆರೆ ಕೂತಿತ್ತು. ಆಮೇಲೆ ಸಿಸ್ಟಮ್ಮಿನ ಲೈಸೆನ್ಸು ತೋರಿಸಿ ಎಂದರು. ಬಸ್‌ಸ್ಟ್ಯಾಂಡಿನವರನ್ನೂ ಅದೇ ಕೇಳಿದ್ದರಂತೆ. ಅಲ್ಲಿ ಅದು ಯಾರ ಹತ್ತಿರ ಇರುತ್ತದೆ? ನಾನು ಲಿನಕ್ಸ್ ಸಿ.ಡಿ.ಯ ಜೊತೆ ಬಂದಿದ್ದ ಒಪ್ಪಿಗೆಯ ಪತ್ರದ ಪ್ರಿಂಟನ್ನು ಮುಂದಿಟ್ಟೆ. ಅಪ್ಪ ಅದನ್ನೂ ಎಂದೋ ಅಟೆಸ್ಟ್ ಮಾಡಿಸಿ ಇಟ್ಟಿದ್ದರು ಎಂದು ನನಗೆ ಗೊತ್ತಾದದ್ದು ಆವತ್ತೇ. ಅಧಿಕಾರಿ ಅದನ್ನು ಓದಿ, ಈ ಬ್ರೌಸರು ಲಿನಕ್ಸಿಗೆ ಇನ್ನೂ ಸರಿಯಾಗಿ ಬಂದಿಲ್ಲ ಅಂತ ಕೇಳಿದ್ದೆ, ಇಲ್ಲಿ ಇಷ್ಟು ಚೆನ್ನಾಗಿ ಹೇಗೆ ನಡೀತಿದೆ, ಕಂಪನಿಯಿಂದ ಯಾರಾದರೂ ಬಂದಿದ್ದರಾ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಹೇಳಿದರು. "ಯಾರೂ ಬರ್ಲಿಲ್ಲ ಸಾರ್. ಇವಳು ತಪ್ಪು ಹಿಡಿದು ಬರೆದ್ಲು, ಅವರು ತಿದ್ದಿಕೊಂಡ್ರು."

ಹೇಳಿ ಬರೆಸಿದವರು ಅಪ್ಪ. ಅಳೆದವರು ಅಪ್ಪ. ನಾನು ತಿರುಗಿ ಅವರ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಅಧಿಕಾರಿ ಅಲ್ಲೇ ನಮ್ಮ ಹೆಸರಿಗೆ ಒಪ್ಪಿಗೆ ಬರೆದು, ವಾರದೊಳಗೆ ಆದೇಶ ಬರುತ್ತದೆ ಎಂದು ಹೇಳಿ ಹೊರಟರು.

ಆ ವಾರವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ ಎನ್ನಬೇಕು. ಮುಳಬಾಗಿಲಿನ ಪೇಟೆ ಬೀದಿಯ ಒಂದು ಹಾಳೆಯ ಅಳತೆ ಸಮುದ್ರದಾಚೆಯ ಬ್ರೌಸರಿನೊಳಗೆ ಹೋಗಿ ಕೂತಿದೆ, ಇನ್ನು ಯಾವ ದೇಶದಲ್ಲಿ ಯಾರು ಲಿನಕ್ಸಿನಲ್ಲಿ ಉದ್ದ ಹಾಳೆಯ ಮೇಲೆ ಪ್ರಿಂಟ್ ತೆಗೆದರೂ ಅದರಲ್ಲಿ ನಮ್ಮ ಸ್ಕೇಲಿನ ಪಾಲಿದೆ ಎಂದು ತರಕಾರಿಯವಳಿಗೂ ಹೇಳಿದೆ. ಅವಳು, ಚಾಲಾ ಸಂತೋಷಮಮ್ಮಾ ಎಂದು ತೆಲುಗಿನಲ್ಲಿ ಹರಸಿ ಒಂದು ಹಿಡಿ ಕೊತ್ತಂಬರಿ ಹೆಚ್ಚು ಹಾಕಿದಳು. ಬೀಗಿದೆ ಎಂದು ಯಾರಾದರೂ ಅಂದರೆ ಅನ್ನಲಿ. ಬೀಗಿದೆ.

ಆದೇಶ ಕೈಗೆ ಬಂದ ಮಾರನೆಯ ದಿನವೇ ಅಣ್ಣ ಬಳೆ ವ್ಯಾಪಾರಿಯನ್ನು ಕರೆದುಕೊಂಡು ಬಂದ. ಮಾವಿನ ಕಾಲ ಮುಗಿದಿತ್ತು, ಅಪ್ಪ ಕೊಟ್ಟ ವಾಯಿದೆಯೂ ಮುಗಿದಿತ್ತು. ಅಣ್ಣನಿಗೆ ನಾವು ಆದೇಶದ ವಿಷಯ ಹೇಳಿರಲಿಲ್ಲ. ಅಪ್ಪ ಹೇಳಿರಬಹುದೆಂದು ನಾನು, ನಾನು ಹೇಳಿರಬಹುದೆಂದು ಅಪ್ಪ. ನಾನು ಒಳಗೆ ಮೊದಲ ದಿನದ ಅರ್ಜಿದಾರರಿಬ್ಬರನ್ನು ಕೂರಿಸಿಕೊಂಡಿದ್ದೆ. ಹೊರಗೆ ವ್ಯಾಪಾರಿ ಬಾಗಿಲಿನ ಅಗಲ ನೋಡಿ, ಗಾಜಿನ ಕಪಾಟು ಎಲ್ಲಿ ಬರುತ್ತದೆ, ದೀಪ ಎಲ್ಲಿ ಬರುತ್ತದೆ ಎಂದು ಅಣ್ಣನಿಗೆ ವಿವರಿಸುತ್ತಿದ್ದರು. ನನ್ನ ಕೈ ಕೀಬೋರ್ಡಿನ ಮೇಲೆ ನಿಂತುಹೋಯಿತು. ಅಪ್ಪ ಒಮ್ಮೆ ಕೊಟ್ಟ ಮಾತನ್ನು ತಿರುಗಿಸಿದ್ದನ್ನು ನಾನು ನೋಡಿರಲಿಲ್ಲ. ದಾರಿ ಕಂಡರೆ ಸರಿ ಎಂದದ್ದು ಅವರಿಗೆ ನೆನಪಿದೆಯೋ ಇಲ್ಲವೋ, ನೆನಪಿದ್ದರೂ ಅಣ್ಣನ ಎದುರು ಹೇಳುತ್ತಾರೋ ಇಲ್ಲವೋ.

ವ್ಯಾಪಾರಿ ಅಪ್ಪನಿಗೆ ನಮಸ್ಕಾರ ಮಾಡಿ, ಯಾವತ್ತು ಬಿಟ್ಟುಕೊಡುತ್ತೀರಿ ಮೇಷ್ಟ್ರೇ ಎಂದು ಕೇಳಿದರು. ಅಪ್ಪ ಕುರ್ಚಿಯಿಂದ ಎದ್ದ ಸದ್ದು ಕೇಳಿಸಿತು.

"ನನ್ನ ಕೇಳಿದ್ರೆ ಹೆಂಗಪ್ಪ? ಇದು ನನ್ನ ಮಗಳ ಇನ್‌ಸ್ಟಿಟ್ಯೂಟು. ಅವಳನ್ನ ಕೇಳಿ."

ಅಣ್ಣ ಬಾಗಿಲಿಂದ ಒಳಗೆ ಇಣುಕಿದ. ಬಳೆ ವ್ಯಾಪಾರಿ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಮೇಜಿನ ಮುಂದೆ ನಿಂತು, ಕೊಡ್ತೀರಾ ಅಮ್ಮ ಎಂದು ಕೇಳಿದರು. ಹದಿನೆಂಟು ವರ್ಷ ಬೆಳಿಗ್ಗೆ ನಾನು ಬಾಗಿಲು ತೆಗೆದು ಸಾಯಂಕಾಲ ನಾನು ಬೀಗ ಹಾಕಿದ ಜಾಗ ಅದು. ಅದರ ವಿಷಯವಾಗಿ ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು.

ಇಲ್ಲ ಎಂದೆ.